ಜಯರಾಮು ಹೊಡೆದ ಒಂದೇ ಏಟು

ನನ್ನ ತಮ್ಮ ಶ್ರೀಹರ್ಷನ ದವಡೆ ಮುರಿದವನ ಹೆಸರು ಜಯರಾಮು. ಒಂದೇ ಏಟು, ಅದೂ ಎಡಗೈಯಲ್ಲಿ. ಕೆಳಸಾಲಿನ ಎರಡು ಹಲ್ಲು ದೋಣಿಯ ನೆಲಕ್ಕೆ ಉದುರಿದವು. ಅವನ್ನು ನಾನೇ ಹೆಕ್ಕಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡೆ. ಅಂಥವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಕೂತಿದ್ದೇನೆಂದು ಗೊತ್ತಾದರೆ ನಮ್ಮ ಬಳಗದಲ್ಲಿ ಇನ್ನಷ್ಟು ಜನ ನನ್ನ ಫೋನ್ ಎತ್ತುವುದನ್ನು ನಿಲ್ಲಿಸುತ್ತಾರೆ. ನಿಲ್ಲಿಸಲಿ.

ನಾನು ನಿರುಪಮಾ. ವಯಸ್ಸು ಐವತ್ತೇಳು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಬೆಳೆದವಳು, ಇಪ್ಪತ್ತಾರು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಬ್ರಿಡ್ಜ್‌ವಾಟರಿನ ಒಂದು ಔಷಧಿ ಕಂಪನಿಯಲ್ಲಿ ಕೆಲಸ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಆದರೆ ನನ್ನ ಸಿಟ್ಟೆಲ್ಲ ಬಾಯಲ್ಲೇ ಖರ್ಚಾಗುತ್ತದೆ. ನಮ್ಮ ಮನೆಯಲ್ಲಿ ಕೈ ಮಾಡುವ ಹಕ್ಕು ತಮ್ಮನದು. ಎಂಟು ವರ್ಷದವನಿದ್ದಾಗ ಕ್ರಿಕೆಟ್ ಬ್ಯಾಟಿನಲ್ಲಿ ನನ್ನ ಮೊಣಕೈಗೆ ಹೊಡೆದ. ಅಮ್ಮ ಅರಿಶಿನ ಹಚ್ಚುತ್ತಾ, "ಗಂಡು ಹುಡುಗ, ಸಿಟ್ಟು ಜಾಸ್ತಿ, ನೀನಾದ್ರೂ ಸುಮ್ಮನಿರಬಾರ್ದಾ" ಅಂದಳು. ಮೂರು ವರ್ಷದ ಹಿಂದೆ, ಅಮ್ಮನ ಬಿಪಿ ಮಾತ್ರೆಯ ವಿಚಾರಕ್ಕೆ, ಪ್ರಿನ್ಸ್‌ಟನ್ನಿನ ಅವನ ಮನೆಯ ಅಡುಗೆಮನೆಯಲ್ಲೇ ನನ್ನ ಕೆನ್ನೆಗೆ ಬಾರಿಸಿದ. ಆಗಲೂ ಅಮ್ಮ ಅದೇ ಮಾತನ್ನೇ ಹೇಳಿದಳು. ಐವತ್ತು ದಾಟಿದ ಹೆಂಗಸು ತಮ್ಮನಿಗೆ ಹೆದರುತ್ತಾಳೆ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಜಯರಾಮು ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯವನು. ಮೊದಲ ದಿನವೇ ನನ್ನನ್ನು ಅಕ್ಕ ಎಂದು ಕರೆದ, ಹಾಗಾಗಿ ಬರೆಯುವಾಗ ಅವನನ್ನು ಬಹುವಚನದಲ್ಲಿ ಕೂರಿಸಲು ನನಗೆ ಬರುವುದಿಲ್ಲ. ಅವನ ಅಪ್ಪ ಆಲೆಮನೆಯಲ್ಲಿ ಕಬ್ಬು ಅರೆಯುವ ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದರು. ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸುವ ಎಂಜಿನ್ ಅದು. ತಿರುಗಿಸುವಾಗ ತಪ್ಪಿದರೆ ಹ್ಯಾಂಡಲ್ ವಾಪಸ್ ಹೊಡೆಯುತ್ತದೆ. ಅಪ್ಪನ ಮುಂಗೈ ಹಾಗೆ ಎರಡು ಸಲ ಮುರಿದಿತ್ತಂತೆ. "ನಮ್ಮಪ್ಪ ಎಂಜಿನ್‌ಗೆ ಒಂದಿನವೂ ಬಯ್ದೋರಲ್ಲ ಅಕ್ಕ, ಆ ಸಿಟ್ಟೆಲ್ಲ ಮನೇಗ್ ಬಂದು ನಮ್ಮ ಮೇಲೆ ತೀರಿಸ್ಕೊಳ್ಳೋರು" ಎಂದು ನಗುತ್ತಾ ಹೇಳಿದ್ದ. ಮಂಡ್ಯದಲ್ಲಿ ಡಿಪ್ಲೊಮಾ ಮಾಡಿ, ಮಂಗಳೂರಿನಲ್ಲಿ ಹೂಳೆತ್ತುವ ಹಡಗಿನ ಎಂಜಿನ್ ಕೋಣೆಯಲ್ಲಿ ಐದು ವರ್ಷ ದುಡಿದು, ನರ್ಸ್ ಆಗಿದ್ದ ಹೆಂಡತಿ ಹಂಸಾಳ ಹಿಂದೆ ಇಲ್ಲಿಗೆ ಬಂದ. ಕೀಪೋರ್ಟಿನ ದಡದಲ್ಲಿ ಟೋನಿ ಎಂಬವನ ದೋಣಿ ರಿಪೇರಿ ಅಂಗಳವಿದೆ. ಅಲ್ಲಿ ಡೀಸೆಲ್ ಎಂಜಿನ್‌ಗಳೆಲ್ಲ ಜಯರಾಮುವಿನ ಪಾಲಿಗೆ.

ಅವನ ಬಲಗೈಯ ಎರಡು ಬೆರಳಿಗೆ ತುದಿಯಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ದೋಣಿಯ ಎಂಜಿನ್ನಿನೊಳಗೆ ಕೈಯಿಟ್ಟು, "ಕೀ ಮುಟ್ಟಬೇಡಿ" ಎಂದು ಮಾಲೀಕನಿಗೆ ಮೂರು ಸಲ ಹೇಳಿದ್ದನಂತೆ. ಆ ಮನುಷ್ಯನಿಗೆ ಬೇಸರ ಬಂದು ಕೀ ತಿರುಗಿಸಿದ. ಬೆಲ್ಟು ಬೆರಳುಗಳನ್ನು ಎಳೆದುಕೊಂಡಿತು. ಜಯರಾಮು ರಕ್ತ ಸೋರುವ ಕೈಯನ್ನು ಹಾಗೇ ಬಿಟ್ಟು ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಎತ್ತಿಕೊಂಡು ಅವನ ಹೆಗಲ ಮೂಳೆ, ಮೂರು ಪಕ್ಕೆಲುಬು ಮುರಿದ. ಬಿಡಿಸಲು ಟೋನಿ ಮತ್ತು ಇನ್ನಿಬ್ಬರು ಬೇಕಾಯಿತು. ಕೋರ್ಟು ಐದು ವರ್ಷದ ಪ್ರೊಬೇಷನ್ ಕೊಟ್ಟಿತು. ಇನ್ನೊಮ್ಮೆ ಯಾರ ಮೇಲಾದರೂ ಕೈ ಎತ್ತಿದರೆ ಜೈಲು, ಜೈಲಿನಿಂದ ಸೀದಾ ಇಂಡಿಯಾಕ್ಕೆ ವಿಮಾನ, ಗ್ರೀನ್ ಕಾರ್ಡ್ ಮರೆತುಬಿಡು ಎಂದು ಲಾಯರು ಬಿಡಿಸಿ ಹೇಳಿದರು. ಹಂಸಾ ಅದೇ ವರ್ಷ ಮಗಳನ್ನು ಕರೆದುಕೊಂಡು ಹೊರಟುಹೋದಳು. ಅವಳ ಮೇಲೂ ಎರಡು ಸಲ ಕೈ ಮಾಡಿದ್ದೆ ಎಂದು ಅವನೇ ನನಗೆ ಹೇಳಿದ್ದಾನೆ. ಅವನನ್ನು ತೊಳೆದು ದೇವರ ಕೋಣೆಯಲ್ಲಿಡುವ ಉದ್ದೇಶ ನನಗಿಲ್ಲ.

ಉಳಿದದ್ದು ಭಾನುವಾರ ಒಂದೇ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಗಳು ಸನ್ನಿಧಿ ಅವನ ಜೊತೆ ಇರಬಹುದೆಂದು ಕೋರ್ಟು ಹೇಳಿತ್ತು. ಹನ್ನೊಂದು ವರ್ಷದ ಹುಡುಗಿ. ಇಬ್ಬರೂ ಐಸೆಲಿನ್ನಿನ ಓಕ್ ಟ್ರೀ ರೋಡಿನಲ್ಲಿ ದೋಸೆ ತಿನ್ನುತ್ತಾರೆ. ಇವನು ಕನ್ನಡದಲ್ಲಿ ಕೇಳುತ್ತಾನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದರಿಂದ ತೊಂದರೆಯಿಲ್ಲ. ವಾರದ ಉಳಿದ ದಿನಗಳಲ್ಲಿ ಯಾರು ಎಷ್ಟು ಕೆಣಕಿದರೂ ಅವನು ಕೈ ಕಟ್ಟಿ ನಿಲ್ಲುತ್ತಿದ್ದುದು ಆ ನಾಲ್ಕು ಗಂಟೆಗೋಸ್ಕರ.

ಕಳೆದ ಸೆಪ್ಟೆಂಬರಿನಲ್ಲಿ ಅಮ್ಮ ತೀರಿಕೊಂಡಳು. ನಮ್ಮ ಮನೆತನದ ಅಸ್ಥಿಯೆಲ್ಲ ಹೋಗುವುದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ. ಅಲ್ಲಿ ಅಸ್ಥಿಯ ಜೊತೆ ಸತ್ತವರು ಉಟ್ಟ ಬಟ್ಟೆಯೊಂದನ್ನು ಹೊಳೆಗೆ ಬಿಡುವುದು ನಮ್ಮ ಪದ್ಧತಿ. "ನನ್ನ ಕೆಂಪು ಸೀರೆ ನನ್ನ ಜೊತೆ ಕಳಿಸು" ಎಂದು ಅಮ್ಮ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ದಳು. ಶ್ರೀಹರ್ಷ, "ಇಂಡಿಯಾಕ್ಕೆ ಹೋಗೋಕೆ ರಜಾ ಎಲ್ಲಿದೆ? ನನ್ನ ಬೋಟ್ ಇದೆಯಲ್ಲ, ಅಟ್ಲಾಂಟಿಕ್‌ನಲ್ಲೇ ಬಿಡೋಣ" ಅಂದ. ಕೋವಿಡ್ ಸಮಯದಲ್ಲಿ ಕೊಂಡ ಮೂವತ್ತು ವರ್ಷ ಹಳೆಯ ಡೀಸೆಲ್ ದೋಣಿ ಅವನದು, ಟೋನಿಯ ಅಂಗಳದಲ್ಲಿ ನಿಲ್ಲುತ್ತದೆ. ಓಡುವುದಕ್ಕಿಂತ ರಿಪೇರಿಯಾಗುವುದೇ ಹೆಚ್ಚು. ಹಾಗಾಗಿ ದೂರ ಹೋಗುವಾಗ ಜಯರಾಮುವನ್ನೂ ಹತ್ತಿಸಿಕೊಳ್ಳುತ್ತಿದ್ದ, ನನಗೆ ಅವನ ಪರಿಚಯವಾದದ್ದೂ ಹಾಗೇ.

ಅಕ್ಟೋಬರಿನ ಶನಿವಾರ ಬೆಳಿಗ್ಗೆ ನಾವು ಮೂವರು ಹೊರಟೆವು. ದೋಣಿ ಹತ್ತುವ ಮೊದಲು ಜಯರಾಮು ನಮ್ಮನ್ನು ನಿಲ್ಲಿಸಿ ಹೇಳಿದ:

"ಬೂದಿ, ಮೂಳೆ, ಬಿಡಿ ಹೂವು, ಅಷ್ಟೇ. ಹಾರ ಬ್ಯಾಡ, ದಾರ ಬ್ಯಾಡ, ಬಟ್ಟೆ ಅಂತೂ ಬ್ಯಾಡವೇ ಬ್ಯಾಡ. ಕೆಳಗೆ ಪ್ರೊಪೆಲ್ಲರ್ ತಿರುಗ್ತಿರುತ್ತೆ. ಪಶ್ಚಿಮವಾಹಿನೀಲಿ ತೆಪ್ಪ ಕಣಕ್ಕ, ಹುಟ್ಟು ಹಾಕೋದು. ಇಲ್ಲಿ ಅಂಗಲ್ಲ."

"ನೋ ಕ್ಲಾತ್, ಅಕ್ಕ. ಕೇಳಿಸ್ತಾ?" ಎಂದ ಶ್ರೀಹರ್ಷ.

ಕೇಳಿಸಿತ್ತು. ಸೀರೆ ಆಗಲೇ ನನ್ನ ಕೈಚೀಲದಲ್ಲಿತ್ತು.

ಸ್ಯಾಂಡಿ ಹುಕ್ ದಾಟಿ, ದಡದಿಂದ ಮೂರು ಮೈಲಿಗಿಂತ ಆಚೆ ಹೋದೆವು, ಕಾನೂನು ಹಾಗಿದೆ. ನ್ಯೂಯಾರ್ಕಿಗೆ ಬರುವ ದೊಡ್ಡ ಹಡಗುಗಳ ದಾರಿ ಅಲ್ಲೇ ಪಕ್ಕದಲ್ಲಿದೆ. ಗಾಳಿ ಜೋರಾಗಿತ್ತು. ದೋಣಿಯ ಮೂತಿ ಅಲೆಗೆ ಎದುರಾಗಿರಲೆಂದು ಎಂಜಿನ್ನನ್ನು ಗೇರಿನಲ್ಲೇ ಇಟ್ಟು ನಿಧಾನಕ್ಕೆ ಓಡಿಸುತ್ತಿದ್ದರು. ಶ್ರೀಹರ್ಷ ಪಕ್ಕದ ಅಂಚಿನಲ್ಲಿ ಮಂಡಿಯೂರಿ ಅಸ್ಥಿ ಬಿಟ್ಟ. ಮಗ ಅವನು, ಕರ್ತೃ ಅವನು. ಹನ್ನೊಂದು ವರ್ಷ ಅಮ್ಮನಿಗೆ ಸ್ನಾನ ಮಾಡಿಸಿದ ನನ್ನ ಪಾಲಿಗೆ ಒಂದು ಹಿಡಿ ಸೇವಂತಿಗೆ. ನನಗೆ ಹೊಟ್ಟೆ ಉರಿಯಿತು. ಅವರಿಬ್ಬರೂ ಆ ಕಡೆ ನೋಡುತ್ತಿದ್ದಾಗ ಹಿಂದಕ್ಕೆ ಹೋಗಿ, ಸೀರೆಯ ಮಡಿಕೆ ಬಿಚ್ಚಿ ನೀರಿಗೆ ಬಿಟ್ಟೆ. ಆರು ಗಜ ಮೈಸೂರು ರೇಷ್ಮೆ. ಕ್ಷಣ ಹೊತ್ತು ಕೆಂಪಗೆ ಹರಡಿಕೊಂಡಿತ್ತು, ಆಮೇಲೆ ದೋಣಿಯ ಅಡಿಗೆ ಹೋಯಿತು.

ಒಂದು ನಿಮಿಷವೂ ಆಗಿರಲಿಲ್ಲ. ಧಡಕ್ಕೆಂದು ದೋಣಿ ನಡುಗಿತು, ಎಂಜಿನ್ ನಿಂತಿತು.

ಶ್ರೀಹರ್ಷ ಹೋಗಿ ಕೀ ತಿರುಗಿಸಿದ. ಬೀಪ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಂಜಿನ್ ಗುರ್ ಎನ್ನಲೂ ಇಲ್ಲ.

"ಬ್ಯಾಟರಿ ಡೆಡ್. ಏನ್ರೀ ಜಯರಾಮು, ನಿನ್ನೆ ತಾನೇ ಸರ್ವಿಸ್ ಮಾಡಿದ್ದು?"

"ಬ್ಯಾಟರಿ ಸತ್ತಿದ್ರೆ ಬೀಪ್ ಎಲ್ಲಿಂದ ಬರುತ್ತೆ ಸಾರ್?" ಜಯರಾಮು ನೆಲದ ಮುಚ್ಚಳ ತೆಗೆದು ಎಂಜಿನ್ ಗುಂಡಿಗೆ ಇಳಿದ. ಗುಂಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇದೆ, ಒಳಗೆ ನಿಂತರೆ ಸೊಂಟದವರೆಗೆ ಬರುತ್ತದೆ. ವೋಲ್ಟ್‌ಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಮುಟ್ಟಿಸಿ, "ಈಗ ತಿರುಗ್ಸಿ" ಎಂದ. ಮುಳ್ಳು ಅಲುಗಲಿಲ್ಲ. "ಸ್ಟಾರ್ಟರ್ ಕರೆಂಟ್ ಎಳೆದ್ರೆ ಮುಳ್ಳು ಇಳೀಬೇಕು. ಇಳೀಲಿಲ್ಲ. ಅಂದ್ರೆ ಕರೆಂಟ್ ಅಲ್ಲೀಗಂಟ ಹೋಗ್ತಾನೇ ಇಲ್ಲ. ಗೇರು ನ್ಯೂಟ್ರಲ್‌ನಲ್ಲಿದ್ಯಾ?"

ಇರಲಿಲ್ಲ. ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದಂತೆ ತಡೆಯಲು ಗೇರ್‌ಬಾಕ್ಸಿನ ಮೇಲೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಶ್ರೀಹರ್ಷ ಗೇರಿನ ಹಿಡಿ ಎಳೆದ, ಅದು ಬರಲಿಲ್ಲ. ಕಾಲು ಕೊಟ್ಟು, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಜಗ್ಗಿದ. ಕಟ್ಟೆಂದು ಏನೋ ಮುರಿದು ಹಿಡಿ ಸಡಿಲವಾಗಿ ಕೈಗೆ ಬಂತು.

"ಕೇಬಲ್ ಕಿತ್ತಾಕಿದ್ರಿ ಸಾರ್" ಎಂದ ಜಯರಾಮು ಒಳಗಿನಿಂದ. ಆ ಕೇಬಲ್ ಎಳೆಯುವ ಗೇರ್‌ಬಾಕ್ಸಿನ ತೋಳನ್ನು ಕೈಯಲ್ಲೇ ತಳ್ಳಿ ನೋಡಿದ, ಅದು ಗೇರಿನಲ್ಲೇ ಬಿಗಿದು ಕೂತಿತ್ತು. ಆಗ ಸ್ವಿಚ್ಚಿನ ಎರಡು ವೈರು ಕಿತ್ತು ಒಂದಕ್ಕೊಂದು ಹೆಣೆದ. "ಒಂದೇ ಒಂದು ಸಲ ತಿರುಗ್ಸಿ."

ಠಕ್. ದೀಪಗಳು ಮಂಕಾದವು. ಎಂಜಿನ್ ಕದಲಲಿಲ್ಲ.

"ಬಿಡಿ, ಬಿಡಿ, ಬಿಡಿ!" ಜಯರಾಮು ಮೇಲೆ ಹತ್ತಿ ಕೀ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಬೆರಳು ಕಳೆದುಕೊಂಡ ಮೇಲೆ ಅವನು ಕಲಿತ ಕ್ರಮ ಇದು, ಎಂಜಿನ್ನಿಗೆ ಕೈ ಹಾಕುವ ಮುಂಚೆ ಕೀ ಅವನ ಜೇಬಿನಲ್ಲಿರಬೇಕು. "ಸ್ಟಾರ್ಟರ್ ಸರಿಗಿದೆ, ಎಂಜಿನ್ ಬಿಗಿದ್ಕೊಂಡಿದೆ. ಒಳಕ್ಕೆ ನೀರು ಹೋಗಿರಬೌದು, ಇಲ್ಲಾ ಹೊರಗಡೆಯಿಂದ ಏನೋ ಹಿಡ್ಕೊಂಡಿರಬೌದು. ನೀರಿದ್ದು ಬಲವಂತ ಮಾಡಿದ್ರೆ ಒಳಗಿನ ರಾಡ್ ಬೆಂಡಾಗೋಯ್ತದೆ."

ಮತ್ತೆ ಗುಂಡಿಗಿಳಿದು, ಎಂಜಿನ್ನಿನ ಮೂತಿಯಲ್ಲಿ ಬೆಲ್ಟು ತಿರುಗಿಸುವ ಪುಲ್ಲಿಗೆ ಉದ್ದನೆಯ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿದ. ಅದು ಒಂದು ಗೇಣು ಬಂತು. ಬಿಟ್ಟೊಡನೆ ವಾಪಸ್ ಹೋಯಿತು. ಇನ್ನೊಮ್ಮೆ ಎಳೆದ, ಇನ್ನೊಮ್ಮೆ ವಾಪಸ್ ಹೋಯಿತು.

"ನೀರಿದ್ರೆ ಗೋಡೆಗೆ ಹೊಡ್ದಂಗೆ ನಿಲ್ಲುತ್ತೆ. ಇದು ಎಳೀತಿದೆ." ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ. "ನೀರಿಗೆ ಏನಾದ್ರೂ ಹಾಕಿದ್ರಾ?"

"ಏನೂ ಇಲ್ಲ" ಎಂದ ಶ್ರೀಹರ್ಷ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ?"

ಅವನು ನನ್ನನ್ನು ನೋಡಿದ ಆ ನೋಟ ನನಗೆ ಗೊತ್ತು. ಐವತ್ತು ವರ್ಷದಿಂದ ಗೊತ್ತು. ಕೆನ್ನೆಯಲ್ಲಿ ಆಗಲೇ ಬಿಸಿ ಹತ್ತಿತು.

"ಹೂವು ಅಷ್ಟೇ" ಎಂದೆ.

ಜಯರಾಮು ನನ್ನ ಮಾತು ನಂಬಿದ. ಅಕ್ಕ ಎಂದು ಕರೆದಿದ್ದನಲ್ಲ. "ಹಂಗಾದ್ರೆ ನೀರೇ ಇರ್ಬೇಕು. ಇಂಜೆಕ್ಟರ್ ಬಿಚ್ಚಿ ನೀರು ತೆಗೀಬೇಕು, ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ ನಮ್ಮ ಹತ್ತಿರ ಇರಲಿಲ್ಲ. ದೋಣಿ ಹಡಗಿನ ದಾರಿಯೊಳಕ್ಕೆ ತೇಲುತ್ತಿತ್ತು. ಶ್ರೀಹರ್ಷ ಲಂಗರು ಎಸೆದ, ಅಷ್ಟು ಆಳಕ್ಕೆ ಹಗ್ಗ ಸಾಲದೆ ಅದು ನಮ್ಮ ಜೊತೆಯೇ ಎಳೆದುಕೊಂಡು ಬಂತು. ರೇಡಿಯೋದಲ್ಲಿ ಕೋಸ್ಟ್ ಗಾರ್ಡಿನವರು ಇಪ್ಪತ್ತೈದು ನಿಮಿಷ ಎಂದರು. ಅಷ್ಟರಲ್ಲಿ ಪೂರ್ವದಿಂದ ಕಂಟೇನರ್ ಹಡಗೊಂದು ಕಾಣಿಸಿತು. ಐದು ಸಲ ಹಾರ್ನ್ ಹೊಡೆಯಿತು. ಎದೆಯೊಳಗೆ ಕೈ ಹಾಕಿ ಅಲುಗಿಸುವಂಥ ಹಾರ್ನು.

"ಕೀ ಕೊಡ್ರೀ!" ಎಂದು ಕೂಗಿದ ಶ್ರೀಹರ್ಷ.

"ಕೊಡಾಕಿಲ್ಲ ಸಾರ್. ಇನ್ನೊಂದ್ಸಲ ಕೈಯಲ್ಲಿ ತಿರುಗ್ಸಿ ನೋಡ್ತೀನಿ. ಕೈ ಒಳಗಿದೆ, ಏನೂ ಮುಟ್‌ಬ್ಯಾಡಿ."

"ಏಯ್, ನನ್ನ ಬೋಟು ಇದು! ಕೊಡೋ ಕೀ!"

ಜಯರಾಮು ಬಗ್ಗಿ, ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದ. ಶ್ರೀಹರ್ಷ ಬಡಬಡ ಡ್ರಾಯರ್ ಎಳೆದು, ನಕ್ಷೆಗಳನ್ನೆಲ್ಲ ಚೆಲ್ಲಾಡಿ ಇನ್ನೊಂದು ಕೀ ಹುಡುಕಿ ತೆಗೆದ. ನಾನು ನೋಡುತ್ತಿದ್ದೆ. "ಹರ್ಷ, ಬೇಡ" ಎಂದೆನೋ, ಅನ್ನಬೇಕೆಂದುಕೊಂಡೆನೋ, ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಅವನು ಕೀ ತಿರುಗಿಸಿದ.

ಎಂಜಿನ್ ಗೇಣುದ್ದ ಜಗ್ಗಿ ಮತ್ತೆ ಬಿಗಿದುಕೊಂಡಿತು, ಸ್ಪ್ಯಾನರ್ ಚಿಮ್ಮಿ ಜಯರಾಮುವಿನ ಬಲ ಮುಂಗೈಗೆ ಬಡಿಯಿತು. ಮೂಳೆ ಲಟ್ಟೆಂದದ್ದು ಗಾಳಿಯ ಸದ್ದಿನಲ್ಲೂ ಕೇಳಿಸಿತು. ಸ್ಪ್ಯಾನರ್ ಹಾರಿ ಎಂಜಿನ್ನಿನ ಅಡಿಗೆ ಬಿತ್ತು. ಅವನ ಜಾಕೆಟ್ಟಿನ ತೋಳು ಬೆಲ್ಟಿಗೆ ಸಿಕ್ಕಿಕೊಂಡು ಮುರಿದ ಕೈ ಪುಲ್ಲಿಯ ಕಡೆಗೆ ಎಳೆದುಕೊಂಡು ನಿಂತಿತ್ತು.

"ನಿಲ್ಸೀ!" ಎಂದು ಅರಚಿದ. "ತೋಳು ಸಿಕ್ಕೊಂಡಿದೆ, ನಿಲ್ಸೀ!"

ಶ್ರೀಹರ್ಷ ಕೆಳಗೆ ನೋಡಲೇ ಇಲ್ಲ. ಅವನ ಕಣ್ಣು ಹಡಗಿನ ಮೇಲಿತ್ತು. ಕೈ ಮತ್ತೆ ಕೀಗೆ ಹೋಯಿತು. ಜಯರಾಮು ಗುಂಡಿಯೊಳಗಿನಿಂದಲೇ ಖಾಲಿ ಎಡಗೈ ಚಾಚಿ, ತಮ್ಮನ ಕಾಲರ್ ಹಿಡಿದು ಕೆಳಕ್ಕೆ ಎಳೆದು, ಮುಷ್ಟಿ ಕಟ್ಟಿ ದವಡೆಗೆ ಒಂದು ಕೊಟ್ಟ. ತಮ್ಮ ಗೋಣಿಚೀಲದ ಹಾಗೆ ಕುಸಿದ. ಬಾಯಿಯಿಂದ ರಕ್ತ ಬುಳುಬುಳು ಬಂತು.

ಆಗ ನನ್ನ ಬಾಯಿ ತೆರೆಯಿತು. ಹೊಡೆಯುವವನು ನೆಲಕ್ಕೆ ಬಿದ್ದ ತಕ್ಷಣ ತೆರೆಯಿತು, ಅದನ್ನೂ ಹೇಳಿಬಿಡುತ್ತೇನೆ.

"ಸೀರೆ ಬಿಟ್ಟೆ. ಅಮ್ಮನ ಸೀರೆ. ಹಿಂದೆ."

ಜಯರಾಮು ನನ್ನನ್ನು ನೋಡಿದ. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಮೀನು ಕೊಯ್ಯೋ ಚಾಕು ಆ ಪೆಟ್ಟಿಗೇಲಿದೆ. ಮೊದ್ಲು ನನ್ನ ತೋಳು ಕುಯ್ಯಿ ಅಕ್ಕ, ಬಟ್ಟೆ ತೋಳು" ಎಂದ.

ಜಾಕೆಟ್ಟಿನ ತೋಳು ಕೊಯ್ದೆ. ಅವನು ಎಡಗೈಯಲ್ಲಿ ಇನ್ನೊಂದು ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತಾ ಹೋದ, ನಾನು ದೋಣಿಯ ಹಿಂಬದಿಗೆ ಮಲಗಿ, ಕೊಕ್ಕೆಕೋಲಿನಿಂದ ಸೀರೆಯ ತುದಿ ಹಿಡಿದು ಎಳೆದೆ. ಅವನು ತಿರುಗಿಸಿದಷ್ಟೂ ನನಗೆ ಸೀರೆ ಬಂತು. ಬಾರದ ಕಡೆ ಕೊಯ್ದೆ. ಅಮ್ಮ ನನ್ನ ಮದುವೆಯಲ್ಲಿ ಉಟ್ಟಿದ್ದ ಸೀರೆಯನ್ನು ಮೀನಿನ ಚಾಕುವಿನಲ್ಲಿ ಹರಹರನೆ ಕೊಯ್ದು ಚೂರು ಮಾಡಿದೆ. ಅಳು ಬರಲಿಲ್ಲ. ಕೈ ಮರಗಟ್ಟಿ ಎಲ್ಲಿ ಕೊಯ್ದುಕೊಂಡೆನೋ ತಿಳಿಯಲಿಲ್ಲ, ಸೀರೆಯ ಕೆಂಪೂ ನನ್ನ ರಕ್ತವೂ ಒಂದೇ ಆಗಿತ್ತು.

"ಬಂತು!" ಎಂದು ಕೂಗಿದ ಅವನು. ಗೇರ್‌ಬಾಕ್ಸಿನ ತೋಳಿಗೆ ಕಾಲಿನಿಂದ ಒದ್ದ, ಅದು ನ್ಯೂಟ್ರಲ್ಲಿಗೆ ಬಿತ್ತು. ನಾನು ಕೀ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವನು ಒದ್ದು ಗೇರು ಹಾಕಿದ, ನಾನು ಸ್ಟಿಯರಿಂಗ್ ಹಿಡಿದೆ. ನೂರು ಗಜದಾಚೆ ಆ ಹಡಗು ಕಪ್ಪು ಗೋಡೆಯ ಹಾಗೆ ಹಾದುಹೋಯಿತು. ಅದರ ಅಲೆ ದೋಣಿಯನ್ನು ಎತ್ತಿ ಬಡಿದಾಗ ಶ್ರೀಹರ್ಷ ರಕ್ತದಲ್ಲೇ ಜಾರಿ ಆ ಮೂಲೆಯಿಂದ ಈ ಮೂಲೆಗೆ ಬಂದ. ಜಯರಾಮು ಅವನ ತಲೆ ಬಡಿಯದಂತೆ ಕಾಲು ಅಡ್ಡ ಇಟ್ಟ.

ಕೀಪೋರ್ಟಿನ ದಡದಲ್ಲಿ ಆಂಬುಲೆನ್ಸೂ ಪೊಲೀಸೂ ಕಾಯುತ್ತಿದ್ದರು. ತಮ್ಮನ ಬಾಯಿ ತುಂಬ ಹತ್ತಿ. ಅವನು ಸ್ಪ್ಯಾನರ್ ಬೀಸಿದ ಹಾಗೆ ಬರಿಗೈ ಬೀಸಿ ತೋರಿಸಿ, ಜಯರಾಮುವಿನ ಕಡೆ ಬೆರಳು ಮಾಡಿದ. ಪೊಲೀಸಿನವನು ನನ್ನನ್ನು ಕೇಳಿದ, ಇವನು ಹೊಡೆದನೇ? ಹೌದು ಎಂದೆ. ಸ್ಪ್ಯಾನರಿನಲ್ಲೇ? ಸ್ಟ್ರೆಚರ್ ಮೇಲಿನಿಂದ ತಮ್ಮ ನನ್ನನ್ನೇ ನೋಡುತ್ತಿದ್ದ.

"ನಾನು ನೋಡಲಿಲ್ಲ" ಎಂದೆ.

"ಅಕ್ಕ, ಬೆಲ್ಟಲ್ಲಿ ತೋಳು ಸಿಕ್ಕಿದ್ದು ನೀವು ನೋಡಿದ್ರಲ್ಲ?" ಎಂದ ಜಯರಾಮು. ಮುರಿಯದ ಕೈಗೆ ಬೇಡಿ ಹಾಕುತ್ತಿದ್ದರು. ನಾನು ತಲೆ ತಗ್ಗಿಸಿ ನನ್ನ ಕೈಗೆ ಸುತ್ತಿದ ಬ್ಯಾಂಡೇಜ್ ನೋಡಿಕೊಂಡೆ.

ಎರಡು ವಾರ ಜೈಲಿನಲ್ಲಿಟ್ಟು ಹೊರಗೆ ಬಿಟ್ಟರು. ಆದರೆ ಪ್ರೊಬೇಷನ್ ಮುರಿದಿದ್ದಾನೋ ಇಲ್ಲವೋ ಎಂಬ ವಿಚಾರಣೆ ಮುಗಿಯುವ ತನಕ ಮಗಳನ್ನು ನೋಡುವಂತಿಲ್ಲ ಎಂದರು. ಭಾನುವಾರ ನಿಂತುಹೋಯಿತು. ಇದನ್ನು ನನಗೆ ಹೇಳಿದ್ದು ಟೋನಿ. ಒಂದು ಸಂಜೆ ನನ್ನ ಆಫೀಸಿನ ಪಾರ್ಕಿಂಗ್ ಲಾಟಿಗೇ ಬಂದು ನನ್ನ ಕಾರಿನ ಬಾನೆಟ್ಟಿಗೆ ಮುಷ್ಟಿಯಿಂದ ಗುದ್ದಿದ. ಅದು ತಗ್ಗಾಗಿ ಹೋಯಿತು.

"ಸ್ಪ್ಯಾನರ್ ಎಂಜಿನ್ ಅಡಿಯಲ್ಲಿ ಎಣ್ಣೆ ನೀರಲ್ಲಿ ಮುಳುಗಿತ್ತು. ನಾನೇ ತೆಗೆದೆ" ಎಂದು ಇಂಗ್ಲಿಷಿನಲ್ಲಿ ಕೂಗಾಡಿದ. "ಮುಳುಗಿದ್ದ ಸ್ಪ್ಯಾನರಿನಲ್ಲಿ ಅವನು ಹೇಗೆ ಹೊಡೆದ? ನೀನು ಎರಡು ಅಡಿ ದೂರದಲ್ಲಿದ್ದೆ. ಡಿಸೆಂಬರ್ ಹನ್ನೆರಡಕ್ಕೆ ವಿಚಾರಣೆ. ಅವತ್ತು ಸೋತರೆ ಅವನು ಆ ಮಗುವನ್ನು ಇನ್ನು ಫೋನಿನಲ್ಲಿ ನೋಡಬೇಕು, ಜೀವನಪೂರ್ತಿ."

ನಾನೂ ಕೂಗಾಡಿದೆ. ನನ್ನ ಕಾರಿಗೆ ಯಾಕೆ ಹೊಡೆದೆ ಎಂದು ಕೇಳಿದೆ. ಅವನು ಹೋದ ಮೇಲೆ ಕಾರಿನೊಳಗೆ ಕೂತು ಬಹಳ ಹೊತ್ತು ಅತ್ತೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಒಂದು ಕೆನ್ನೆಯೇಟಿಗೆ ಹೆದರಿ ನಾನು ಒಬ್ಬನ ಕೈ ಮುರಿಸಿದ್ದೆ, ಇನ್ನೊಬ್ಬನ ದವಡೆ ಮುರಿಸಿದ್ದೆ, ಒಂದು ಹುಡುಗಿಯ ಅಪ್ಪನನ್ನು ಕಿತ್ತುಕೊಳ್ಳಲು ಹೊರಟಿದ್ದೆ. ಮರುದಿನ ಜಯರಾಮುವಿನ ಲಾಯರಿಗೆ ಫೋನ್ ಮಾಡಿ, ನಾನು ಸಾಕ್ಷಿ ಹೇಳುತ್ತೇನೆ ಎಂದೆ.

ಡಿಸೆಂಬರ್ ಹನ್ನೆರಡು ಶುಕ್ರವಾರ. ಫ್ರೀಹೋಲ್ಡಿನ ಕೋರ್ಟಿನಲ್ಲಿ ಎಲ್ಲ ಹೇಳಿದೆ. ಬಟ್ಟೆ ಬೇಡ ಎಂದು ಅವನು ಹೇಳಿದ್ದು, ನಾನು ಕದ್ದು ಬಿಟ್ಟದ್ದು, ಕೇಳಿದಾಗ ಹೂವು ಎಂದು ಸುಳ್ಳು ಹೇಳಿದ್ದು. ಕೈ ಒಳಗಿದೆ, ಮುಟ್ಟಬೇಡಿ ಎಂದಿದ್ದು. ಬೇರೆ ಕೀ. ಬೆಲ್ಟಿಗೆ ಸಿಕ್ಕ ತೋಳು. ಎರಡನೆಯ ಸಲ ಕೀಗೆ ಹೋದ ನನ್ನ ತಮ್ಮನ ಕೈ. ಖಾಲಿ ಎಡಗೈ. ದಡದಲ್ಲಿ ಯಾಕೆ ನೋಡಲಿಲ್ಲ ಎಂದಿರಿ ಎಂದು ಸರ್ಕಾರಿ ವಕೀಲೆ ಕೇಳಿದರು. "ನನಗೆ ನನ್ನ ತಮ್ಮನೆಂದರೆ ಹೆದರಿಕೆ" ಎಂದೆ. ಇಷ್ಟು ಸಣ್ಣ ವಾಕ್ಯವನ್ನು ಹೊರಗೆ ತರಲು ಇಷ್ಟು ವರ್ಷ ಬೇಕಾಯಿತು. ಟೋನಿ ಸ್ಪ್ಯಾನರಿನ ಬಗ್ಗೆ ಹೇಳಿದ. ಕೈ ಉಳಿಸಿಕೊಳ್ಳಲು ಹೊಡೆದದ್ದು, ಪ್ರೊಬೇಷನ್ ಮುರಿದಂತಾಗುವುದಿಲ್ಲ ಎಂದರು ಜಡ್ಜ್. ಭಾನುವಾರವನ್ನು ವಾಪಸ್ ಕೊಟ್ಟರು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಹಿಮ ಕರಗಿಸಲು ಉಪ್ಪು ಚೆಲ್ಲಿದ್ದರು. ಟೋನಿ ಪಿಕಪ್ ತರಲು ಹೋಗಿದ್ದ. ಜಯರಾಮು ಪ್ಲಾಸ್ಟರ್ ಹಾಕಿದ ಕೈ ಎದೆಗಾನಿಸಿಕೊಂಡು ನನ್ನ ಪಕ್ಕ ನಿಂತಿದ್ದ. ಶ್ರೀಹರ್ಷ ಕಾರುಗಳ ನಡುವಿನಿಂದ ಬಂದ. ಮೊದಲು ನನ್ನ ಕೆನ್ನೆಗೆ ಬಾರಿಸಿದ. ನನ್ನ ಕನ್ನಡಕ ಹಾರಿತು. ಎರಡನೆಯದು ಮುಷ್ಟಿ, ಬಾಯಿಗೆ. ಯಾರದೋ ಕಾರಿಗೆ ಬೆನ್ನು ಬಡಿದುಕೊಂಡು ನಾನು ಕೆಳಗೆ ಕೂತುಬಿಟ್ಟೆ.

ಜಯರಾಮುವಿನ ಎಡಗೈ ಹೆಗಲ ಮಟ್ಟಕ್ಕೆ ಎದ್ದಿತ್ತು. ಮುಷ್ಟಿ ಕಟ್ಟಿತ್ತು. ಶ್ರೀಹರ್ಷ ಅವನ ಕಡೆ ತಿರುಗಿ ತನ್ನ ಮುಖವನ್ನೇ ಮುಂದೆ ಚಾಚಿದ. ದವಡೆಗೆ ಇನ್ನೂ ತಂತಿ ಬಿಗಿದಿದ್ದರು, ಹಲ್ಲು ತೆರೆಯದೆ ಮಾತಾಡಿದ. "ಹೊಡಿ. ಕೋರ್ಟ್ ಎದುರಿಗೇ ಹೊಡಿ ನೋಡೋಣ."

ಜಯರಾಮುವಿನ ಕತ್ತಿನ ನರಗಳು ಉಬ್ಬಿದ್ದು ಕನ್ನಡಕವಿಲ್ಲದ ನನಗೂ ಕಾಣುತ್ತಿತ್ತು. ಅವನು ಹೊಡೆಯಲಿ ಎಂದು ನನ್ನೊಳಗಿನ ಒಬ್ಬಳಿಗೆ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಟೋನಿಯ ಪಿಕಪ್ ಬಂದು ನಿಂತಿತು.

"ಜಯರಾಮು" ಎಂದೆ. ತುಟಿ ಒಡೆದು ಮಾತು ಸರಿಯಾಗಿ ಹೊರಡಲಿಲ್ಲ. "ಹೋಗಿ ಗಾಡೀಲಿ ಕೂತ್ಕೋ. ನಾಳಿದ್ದು ಭಾನುವಾರ."

"ಅಕ್ಕ..."

"ಹೋಗಪ್ಪ. ಇದು ನನ್ನ ಮನೆ ಜಗಳ."

ಅವನು ಕೈ ಇಳಿಸಿದ. ಇಳಿಸಲು ಪಟ್ಟ ಪಾಡು ಹೊಡೆಯಲು ಬೇಕಾದ್ದಕ್ಕಿಂತ ಹೆಚ್ಚಿನದು ಎಂದು ನಾನು ಬರೆದುಕೊಡುತ್ತೇನೆ. ಅಳುತ್ತಾ ಹೋಗಿ ಗಾಡಿ ಹತ್ತಿ ಬಾಗಿಲು ಹಾಕಿಕೊಂಡ. ಟೋನಿ ಇಳಿದು ಓಡಿ ಬರುವಷ್ಟರಲ್ಲಿ ತಮ್ಮ ನನಗೆ ಮೂರನೆಯ ಏಟು ಹಾಕಿದ್ದ.

ಟೋನಿ ಅವನನ್ನು ಹಿಂದಿನಿಂದ ತಬ್ಬಿ ಹಿಡಿದುಕೊಂಡಿದ್ದಾಗ ನಾನು ಪರ್ಸಿನಿಂದ ಫೋನ್ ತೆಗೆದು ಪೊಲೀಸಿಗೆ ಮಾಡಿದೆ. ನಿಮ್ಮನ್ನು ಹೊಡೆದದ್ದು ಯಾರೆಂದು ಗೊತ್ತೇ ಎಂದು ಆ ಕಡೆಯ ಹೆಂಗಸು ಕೇಳಿದಳು. "ನೋಡಿದ್ದೇನೆ. ನನ್ನ ತಮ್ಮ" ಎಂದು ಹೇಳಿ, ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಸಿದೆ.